ಯಾರ ಮನೆ ಚಾರ್ಜರ್ ಹಾಕಿದ್ರೂ ಬೇಗ ಚಾರ್ಜ್ ಆಗೋ ಫೋನ್ ಕೊಡಿ

ಸಂಪಾದಕರೇ,

ನಮಸ್ಕಾರ. ಹೊಸ ಫೋನಲ್ಲಿ ಚಾರ್ಜಿಂಗ್ ಹೇಗಿರ್ಬೇಕು, ವೈರ್‌ಲೆಸ್ ಅಂತ ಏನೇನು ಕೊಡ್ಬೇಕು ಅಂತ ನಿಮ್ಮ ಓದುಗರ ಅಂಕಣದಲ್ಲಿ ನಡೀತಿರೋ ಚರ್ಚೆ ಓದ್ತಾ ಇದೀನಿ. ಒಬ್ರು ಹದಿನೈದು ಸಾವಿರದ ಫೋನಿಗೂ ವೈರ್‌ಲೆಸ್ ಚಾರ್ಜಿಂಗ್ ಕಡ್ಡಾಯ ಆಗ್ಬೇಕು ಅಂತ ಬರ್ದಿದ್ರು, ಇನ್ನೊಬ್ರು ಅದೆಲ್ಲ ಶೋಕಿ, 120 ವ್ಯಾಟ್ ಚಾರ್ಜರ್ ಇದ್ರೆ ಮುಗೀತು ಅಂದಿದ್ರು. ನಾನು ತೀರ್ಥಹಳ್ಳಿ ಕಡೆ ಮೊಬೈಲ್ ರಿಪೇರಿ ಅಂಗಡಿ ಇಟ್ಕೊಂಡಿರೋನು. ಇಬ್ರ ಮಾತಲ್ಲೂ ಸ್ವಲ್ಪ ನಿಜ ಇದೆ, ಆದ್ರೆ ಮುಖ್ಯವಾದ್ದೇ ಇಬ್ರೂ ಬಿಟ್ಟಿದಾರೆ ಅನ್ಸ್ತು, ಅದಕ್ಕೆ ಈ ಪತ್ರ. ಉದ್ದ ಆಗುತ್ತೆ, ಆದ್ರೂ ದಯವಿಟ್ಟು ಹಾಕಿ.

ಜೂನ್ ಬಂತು ಅಂದ್ರೆ ನಮ್ಮ ಕಡೆ ಗಾಳಿಗೆ ಲೈನ್ ಮೇಲೆ ಮರ ಬೀಳುತ್ತೆ, ಮೆಸ್ಕಾಂ ಲೈನ್‌ಮನ್‌ಗಳು ಮಳೇಲೇ ಕಾಡೊಳಗೆ ಹೋಗಿ ಸರಿ ಮಾಡೋವರೆಗೆ ಕರೆಂಟ್ ಇಲ್ಲ, ಒಳಗಿನ ಹಳ್ಳಿಗಳಲ್ಲಿ ಎರಡು ಮೂರು ದಿನ ಇಲ್ದೇ ಇರೋದೂ ಉಂಟು. ಆಗ ಪೇಟೆಗೆ ಬಂದೋರು ಹೋಟ್ಲಲ್ಲೋ, ಸೊಸೈಟಿಲೋ, ನಮ್ಮಂಥ ಅಂಗಡೀಲೋ ಎಲ್ಲಿ ಪ್ಲಗ್ ಕಂಡ್ರೆ ಅಲ್ಲಿ ಫೋನ್ ಹಾಕ್ತಾರೆ, ವಾಪಸ್ ಬಸ್ಸು ಬರೋದ್ರೊಳಗೆ ಎಷ್ಟು ತುಂಬ್ತೋ ಅಷ್ಟು. ಮನೆಗೆ ಹೋದ್ಮೇಲೆ ಎರಡು ದಿನ ಅದ್ರಲ್ಲೇ ಕಳೀಬೇಕು, ಹುಷಾರಿಲ್ದೋರು ಇದ್ರೆ ಆಂಬುಲೆನ್ಸಿಗೆ ಫೋನ್ ಮಾಡೋದೂ ಅದ್ರಲ್ಲೇ. ಈಗ ಆ ಫೋನಿನ ಡಬ್ಬಿ ಮೇಲೆ 80 ವ್ಯಾಟ್ ಅಂತ ದಪ್ಪಕ್ಷರದಲ್ಲಿ ಇರುತ್ತೆ, ಆದ್ರೆ ಆ ಚಾರ್ಜರ್ ಮನೇಲಿದೆ. ನನ್ನ ಟೇಬಲ್ಲಿನ ಬೇರೆ ಕಂಪನಿ ಚಾರ್ಜರಿಗೆ ಹಾಕಿ ಮಧ್ಯ ಯುಎಸ್‌ಬಿ ಮೀಟರ್ ಇಟ್ರೆ ಎಷ್ಟೋ ಫೋನು ಹತ್ತು, ಹೆಚ್ಚಂದ್ರೆ ಹದಿನೈದು ವ್ಯಾಟ್ ತೋರ್ಸಿ ನಿಂತು ಬಿಡ್ತಾವೆ. ಹಾಗಂತ ನನ್ನ ಚಾರ್ಜರ್ ಸಣ್ಣದೇನಲ್ಲ, 65 ವ್ಯಾಟಿಂದು, ಲ್ಯಾಪ್‌ಟಾಪೇ ಚಾರ್ಜ್ ಆಗುತ್ತೆ ಅದ್ರಲ್ಲಿ.

ಯಾಕೆ ಹೀಗೆ ಅಂತ ಗಿರಾಕಿಗಳು ದಿನಾ ಕೇಳ್ತಾರೆ. ಟೈಪ್-ಸಿ ಅನ್ನೋದು ಕೇಬಲ್ ಚುಚ್ಚೋ ಪಿನ್ನಿನ ಆಕಾರ, ಬರೀ ಬೀಗದ ತೂತು ಇದ್ದ ಹಾಗೆ, ಕೀಲಿ ಬೇರೇನೇ. ಫೋನೂ ಚಾರ್ಜರೂ ಮೊದ್ಲು ಒಂದಕ್ಕೊಂದು ಮಾತಾಡ್ಕೊಂಡು ಎಷ್ಟು ವೋಲ್ಟ್, ಎಷ್ಟು ಆಂಪಿಯರ್ ಅಂತ ಒಪ್ಪಂದ ಆದ್ರೆ ಮಾತ್ರ ಜಾಸ್ತಿ ಕರೆಂಟ್ ಬರೋದು, ಒಪ್ಪಂದ ಆಗ್ಲಿಲ್ಲ ಅಂದ್ರೆ ಹಳೇ ಕಾಲದ 5 ವೋಲ್ಟೇ ಗತಿ. ಎಲ್ಲರಿಗೂ ಅಂತ ಇರೋ ಒಪ್ಪಂದದ ಹೆಸರು ಯುಎಸ್‌ಬಿ ಪವರ್ ಡೆಲಿವರಿ, ಅಂಗಡಿ ಭಾಷೇಲಿ ಪಿಡಿ. ಅದ್ರಲ್ಲೇ ಪಿಪಿಎಸ್ ಅಂತ ಇನ್ನೊಂದಿದೆ, ವೋಲ್ಟೇಜನ್ನ ಸಣ್ಣ ಸಣ್ಣ ಹೆಜ್ಜೇಲಿ ಏರ್ಸಿ ಇಳ್ಸಿ ಬ್ಯಾಟರಿಗೆ ಎಷ್ಟು ಬೇಕೋ ಅಷ್ಟೇ ಕೊಡುತ್ತೆ, ಫೋನೊಳಗೆ ಬಿಸಿನೂ ಕಮ್ಮಿ. ಇನ್ನು ಕಂಪನಿಗಳ ಸ್ವಂತದ್ದು ಬೇರೆ ಇವೆ, ಒಪ್ಪೋ 2014ರಲ್ಲಿ ವೂಕ್ ತಂತು, ಆಮೇಲೆ ಒಬ್ಬೊಬ್ರೂ ಒಂದೊಂದು ಹೆಸ್ರಿಟ್ಕೊಂಡು ತಂದ್ರು. ವೂಕ್ ಬಂದಾಗ ಅದು ನಿಜವಾಗ್ಲೂ ಒಳ್ಳೇ ಕೆಲಸವೇ, ವೋಲ್ಟೇಜ್ ಏರ್ಸೋ ಬದ್ಲು ಆಂಪಿಯರ್ ಜಾಸ್ತಿ ಮಾಡಿ ಬಿಸಿಯನ್ನ ಫೋನಿಂದ ಚಾರ್ಜರ್ ಕಡೆಗೆ ತಳ್ಳಿದ್ರು, ಆಗ ಅಷ್ಟು ಫಾಸ್ಟ್ ಯಾರೂ ಕೊಡ್ತಿರ್ಲಿಲ್ಲ. ಆದ್ರೆ ಅದಕ್ಕೆ ಅವ್ರದ್ದೇ ಚಾರ್ಜರ್ ಬೇಕು, ಅವ್ರದ್ದೇ ದಪ್ಪ ಕೇಬಲ್ ಬೇಕು, ಕೇಬಲ್ ಇಲಿ ಕಡೀತು ಅಂದ್ರೆ ಕಥೆ ಮುಗೀತು.

ನಿಮ್ಮ ಓದುಗರು ಮನೇಲಿರೋ ಚಾರ್ಜರ್ ಒಂದು ಸಲ ತಿರುಗಿಸಿ ನೋಡ್ಲಿ. ಹಿಂದ್ಗಡೆ ಬೂದಿ ಬಣ್ಣದಲ್ಲಿ, ಲೆನ್ಸ್ ಹಿಡಿದ್ರೇನೇ ಕಾಣೋ ಅಕ್ಷರದಲ್ಲಿ ಔಟ್‌ಪುಟ್ ಅಂತ ಬರ್ದಿರ್ತಾರೆ. 5 ವೋಲ್ಟ್ 3 ಆಂಪಿಯರ್, 9 ವೋಲ್ಟ್ 2.22 ಆಂಪಿಯರ್ ಅಂತಿದ್ರೆ ಗುಣಿಸ್ಕೊಳ್ಳಿ, ಒಂದು 15 ವ್ಯಾಟ್, ಇನ್ನೊಂದು 20 ವ್ಯಾಟ್. ಪಿಪಿಎಸ್ ಅಂತ ಬರ್ದು 3.3ರಿಂದ 11 ವೋಲ್ಟ್ ಅಂತಿದ್ರೆ ಅದು ಒಳ್ಳೇ ಚಾರ್ಜರ್, ಎಸೀಬೇಡಿ. ಚಾರ್ಜರ್ ಮೇಲೆ ಇಷ್ಟಾದ್ರೂ ಬರೀತಾರೆ, ಆದ್ರೆ ಫೋನ್ ಡಬ್ಬಿ ಮೇಲೆ ಪಿಡಿಯಲ್ಲಿ ಎಷ್ಟು ವ್ಯಾಟ್ ತಗೊಳುತ್ತೆ ಅನ್ನೋದನ್ನ ನಮ್ಮಲ್ಲಿ ಬರೆಯೋರು ಬಹಳ ಕಮ್ಮಿ. ಕೆಲವು ಕಂಪನಿಗಳು ಈಗೀಗ ಪಿಪಿಎಸ್ ಕೊಡ್ತಾ ಇದಾವೆ, ಅದನ್ನೂ ಹೇಳ್ಬೇಕು, ಆದ್ರೆ ಕೊಟ್ಟಿರೋದು ಗೊತ್ತಾಗ್ಬೇಕಾದ್ರೆ ನಾನೇ ಮೀಟರ್ ಹಾಕಿ ನೋಡ್ಬೇಕು.

ಯುರೋಪಲ್ಲಿ ಇದಕ್ಕೆ ಕಾನೂನೇ ಇದೆ. 2024ರ ಡಿಸೆಂಬರ್ 28ರಿಂದ ಅಲ್ಲಿ ಮಾರೋ ಹೊಸ ಫೋನಿಗೆಲ್ಲ ಟೈಪ್-ಸಿ ಕಡ್ಡಾಯ, ಪೇಪರಲ್ಲೆಲ್ಲ ಬಂದಿದ್ದು ಇಷ್ಟೇ. ಆದ್ರೆ ಅದೇ ಕಾನೂನಲ್ಲಿ ಇನ್ನೊಂದಿದೆ, 15 ವ್ಯಾಟಿಗಿಂತ ಜಾಸ್ತಿ ತಗೊಳೋ ಫೋನು ಪಿಡಿಯನ್ನೂ ಒಪ್ಲೇಬೇಕು, ಎಷ್ಟು ವ್ಯಾಟ್ ಅನ್ನೋದು ಡಬ್ಬಿ ಮೇಲಿನ ಲೇಬಲ್ಲಲ್ಲಿ ಇರ್ಲೇಬೇಕು. ನನಗೆ ತೂತಿಗಿಂತ ಈ ಎರಡನೇ ಮಾತೇ ದೊಡ್ಡದು ಅನ್ಸುತ್ತೆ. ನಮ್ಮಲ್ಲೂ 2022ರಲ್ಲಿ ಕೇಂದ್ರದ ಗ್ರಾಹಕ ವ್ಯವಹಾರ ಇಲಾಖೆ ಕಂಪನಿಗಳನ್ನ ಕರ್ದು ಟೈಪ್-ಸಿಗೆ ಒಪ್ಪಿಸ್ತು, ಗುಣಮಟ್ಟ ನಿಗದಿ ಮಾಡೋ ಸಂಸ್ಥೆ ಬಿಐಎಸ್ ಅದಕ್ಕೊಂದು ಮಾನದಂಡನೂ ಪ್ರಕಟ ಮಾಡ್ತು, ತೂತಂತೂ ಒಂದೇ ಆಯ್ತು. ಹಟ ಹಿಡಿದಿದ್ದ ಐಫೋನೂ 2023ರ ಸೆಪ್ಟೆಂಬರಲ್ಲಿ ಟೈಪ್-ಸಿಗೆ ಬಂತು, ಅದೇ ಐಫೋನು ಇವತ್ತು ಕೋಲಾರದ ನರಸಾಪುರದಲ್ಲೂ ದೇವನಹಳ್ಳಿಲೂ ಜೋಡಣೆ ಆಗ್ತಿದೆ. ಫೋನ್ ಇಲ್ಲೇ ಮಾಡ್ತೀವಿ, ಇಲ್ಲೇ ಕೋಟಿಗಟ್ಲೆ ಕೊಳ್ತೀವಿ, ಹಾಗಿದ್ಮೇಲೆ ನಮ್ಗೆ ಬೇಕಾದ ಹಾಗೆ ಕೊಡಿ ಅಂತ ಕೇಳೋ ಹಕ್ಕು ನಮಗಿಲ್ವಾ?

ಈಗ ವೈರ್‌ಲೆಸ್ ಚಾರ್ಜಿಂಗ್ ವಿಷ್ಯಕ್ಕೆ ಬರ್ತೀನಿ. ಅದನ್ನ ಶೋಕಿ ಅನ್ನೋದು ತಪ್ಪು, ನಮ್ಮ ಮಳೆ ನೋಡದೇ ಇರೋರು ಹಾಗೆ ಅನ್ಬಹುದು. ಮಳೆಗಾಲದಲ್ಲಿ ನನ್ನ ಅಂಗಡಿಗೆ ಬರೋ ದೊಡ್ಡ ಕಂಪ್ಲೇಂಟು ಚಾರ್ಜಿಂಗ್ ಪಿನ್ನೇ. ತೋಟಕ್ಕೆ ಹೋದೋರ ಜೇಬಲ್ಲಿ ಫೋನ್ ನೆನೆಯುತ್ತೆ, ರಾತ್ರಿ ಚಾರ್ಜಿಗೆ ಹಾಕಿದ್ರೆ ಸ್ಕ್ರೀನ್ ಮೇಲೆ ನೀರಿನ ಹನಿ ಚಿತ್ರ ಬಂದು ಚಾರ್ಜೇ ಆಗಲ್ಲ. ಆಗ ಜನ ಅಕ್ಕಿ ಡಬ್ಬಿಗೆ ಹಾಕ್ತಾರೆ, ಅಕ್ಕಿ ಹಿಟ್ಟು ಒಳಗೆ ಹೋಗಿ ಅಂಟ್ಕೊಳುತ್ತೆ, ಇಲ್ಲಾ ಬಚ್ಚಲ ಒಲೆ ಹತ್ರ ಹಿಡಿದು ಒಣಗಿಸ್ತಾರೆ, ಬ್ಯಾಟರಿ ಉಬ್ಬಿ ಹಿಂದಿನ ಅಂಟು ಬಿಡುತ್ತೆ. ಹನಿ ಚಿತ್ರ ಬರ್ದೇ ಇರೋ ಅಗ್ಗದ ಫೋನಾದ್ರೆ ಇನ್ನೂ ಕಷ್ಟ, ಒದ್ದೆ ಪಿನ್ನಲ್ಲೇ ಕರೆಂಟ್ ಹರಿದು ಆ ತೂತೊಳಗಿನ ಸಣ್ಣ ನಾಲಗೆ ಮೇಲಿನ ಚಿನ್ನದ ಗೆರೆಗಳು ಹಸಿರು ಕಿಲುಬು ಹಿಡಿದು ಸವೆದು ಹೋಗಿರ್ತಾವೆ, ಬ್ರಷ್ ಹಾಕಿ ಉಜ್ಜಿದ್ರೆ ಗೆರೆನೇ ಕಿತ್ಕೊಂಡು ಬರುತ್ತೆ, ಆಮೇಲೆ ಬೋರ್ಡ್ ಬದಲಾಯಿಸೋದೇ ದಾರಿ. ಅಂಥ ಹೊತ್ತಲ್ಲಿ ತೂತು ಮುಟ್ಟದೇ ಹಿಂದಿನಿಂದ ಚಾರ್ಜ್ ಆಗೋ ದಾರಿ ಒಂದಿದ್ರೆ ಫೋನ್ ಬದುಕುತ್ತೆ, ನಂಗೆ ರಿಪೇರಿ ಕಮ್ಮಿಯಾದ್ರೂ ಅಡ್ಡಿ ಇಲ್ಲ.

ಆದ್ರೆ ಅದನ್ನ ದಿನಾ ಬಳ್ಸೋ ಚಾರ್ಜರ್ ಅಂತ ಒಪ್ಪಕ್ಕಾಗಲ್ಲ. ಕೇಬಲ್‌ಗಿಂತ ಕರೆಂಟ್ ಪೋಲು ಜಾಸ್ತಿ, ಪೋಲಾಗಿದ್ದೆಲ್ಲ ಬಿಸಿಯಾಗುತ್ತೆ, ಲಿಥಿಯಂ ಬ್ಯಾಟರಿಗೆ ಬಿಸಿಗಿಂತ ದೊಡ್ಡ ಶತ್ರು ಇಲ್ಲ. ಫೋನ್ ಇಡೋ ಚಾರ್ಜಿಂಗ್ ಪ್ಯಾಡ್ ಮೇಲೆ ಫೋನ್ ಒಂಚೂರು ಸರಿದ್ರೂ ಎರಡರೊಳಗಿನ ತಂತಿ ಸುರುಳಿ, ಅಂದ್ರೆ ಕಾಯಿಲ್, ಎದುರಾಬದುರಾ ಕೂರದೇ ಇನ್ನೂ ಬಿಸಿ. ಅದಕ್ಕೇ ಚಿ2 (Qi2) ಅಂತ ವೈರ್‌ಲೆಸ್ ಚಾರ್ಜಿಂಗಿನ ಹೊಸ ಮಾನದಂಡ ಬಂತು, 2023ರಲ್ಲಿ, ಆಪಲ್‌ನೋರ ಮ್ಯಾಗ್‌ಸೇಫ್ ಆಧಾರದ ಮೇಲೆ. ಸುತ್ತ ಆಯಸ್ಕಾಂತ ಇರೋದ್ರಿಂದ ಸರಿಯಾದ ಜಾಗಕ್ಕೇ ಹೋಗಿ ಕೂರುತ್ತೆ, 15 ವ್ಯಾಟ್ ಬರುತ್ತೆ. ಕೊಡೋದಾದ್ರೆ ಇದನ್ನ ಕೊಡಿ, ತಮ್ಮದೇ ಪ್ಯಾಡ್ ಇದ್ರೆ ಮಾತ್ರ 50 ವ್ಯಾಟ್ ಅನ್ನೋ ಇನ್ನೊಂದು ಬೇಲಿ ಮಾತ್ರ ಬೇಡ. ಹದಿನೈದು ಸಾವಿರದ ಫೋನಲ್ಲಿ ಖರ್ಚು ಜಾಸ್ತಿ ಆಗುತ್ತೆ ಅಂದ್ರೆ ಮೊದ್ಲು ಆ 2 ಮೆಗಾಪಿಕ್ಸೆಲ್ ಮ್ಯಾಕ್ರೊ ಕ್ಯಾಮೆರಾ ಕಿತ್ತು ಹಾಕಿ, ಅದ್ರಲ್ಲಿ ಫೋಟೋ ತೆಗೆದೋರನ್ನ ನಾನಂತೂ ಕಂಡಿಲ್ಲ. ಅಷ್ಟಾದ್ರೂ ಆಗಲ್ಲ ಅಂದ್ರೆ ಪಿಡಿ ಮೊದ್ಲು, ವೈರ್‌ಲೆಸ್ ಆಮೇಲೆ. 120 ವ್ಯಾಟ್ ಬಗ್ಗೆ ಒಂದೇ ಮಾತು, ಆ ವೇಗ ಶುರುವಿನ ಕೆಲವು ನಿಮಿಷ ಮಾತ್ರ, 80 ಪರ್ಸೆಂಟ್ ದಾಟಿದ್ಮೇಲೆ ಎಲ್ಲಾ ಫೋನೂ ನಿಧಾನವೇ. ಯಾವ ಚಾರ್ಜರಲ್ಲಾದ್ರೂ 30 ವ್ಯಾಟ್ ತಗೊಂಡ್ರೆ ನಮಗೆ ಸಾಕೋ ಸಾಕು.

ಜೊತೆಗೆ ರಿವರ್ಸ್ ಚಾರ್ಜಿಂಗ್ ಇರ್ಲಿ, ಕೇಬಲ್ಲಲ್ಲೇ ಆದ್ರೂ ಸರಿ. ಕರೆಂಟ್ ಇಲ್ದಾಗ ಮಗನ ಫೋನಿಂದ ಅಜ್ಜಿ ಫೋನಿಗೆ ಹತ್ತು ಪರ್ಸೆಂಟ್ ಹಾಕೋದು ನಮ್ಮ ಕಡೆ ಮನೆಮನೇಲಿ ನಡೆಯೋ ಕೆಲಸ.

ಇನ್ನು ನೆಟ್‌ವರ್ಕ್ ಕಡೆ. ಹೊಸ ಫೋನ್ ಜಾಹೀರಾತಲ್ಲಿ ವೈಫೈ 7, ಬ್ಲೂಟೂತ್ ಇಂತಿಷ್ಟು ಅಂತೆಲ್ಲ ಹಾಕ್ತಾರೆ, ನಾನು ಮೊದ್ಲು ಹುಡುಕೋದು ವೈಫೈ ಕಾಲಿಂಗ್. ಏರ್‌ಟೆಲ್ 2019ರ ಡಿಸೆಂಬರಲ್ಲಿ ಶುರು ಮಾಡ್ತು, ಜಿಯೋ ಮುಂದಿನ ತಿಂಗ್ಳೇ ತಂತು. ಕಣಿವೆ ಮನೆಗಳಿಗೆ ಟವರ್ ಸಿಗಲ್ಲ, ಆದ್ರೆ ಈಗ ಕೇಬಲ್‌ನೋರು ಅಡಿಕೆ ಮರಕ್ಕೇ ಕಟ್ಕೊಂಡು ಫೈಬರ್ ಎಳೆದಿದಾರೆ, ವೈಫೈ ಇದೆ. ವೈಫೈ ಕಾಲಿಂಗ್ ಇರೋ ಫೋನಾದ್ರೆ ಮಾಮೂಲಿ ನಂಬರಿಗೇ, ಮಾಮೂಲಿ ಡಯಲ್ ಮಾಡಿ, ಅಡುಗೆಮನೇಲಿ ನಿಂತು ಮಾತಾಡ್ಬಹುದು, ವಾಟ್ಸಾಪ್ ಗೊತ್ತಿಲ್ದೋರಿಗೂ ತೊಂದ್ರೆ ಇಲ್ಲ. ಇಲ್ಲದ ಫೋನಾದ್ರೆ ಮಳೇಲಿ ಕೊಡೆ ಹಿಡ್ಕೊಂಡು ಗುಡ್ಡ ಹತ್ತಬೇಕು. ತಮಾಷೆ ಮಾತಲ್ಲ ಇದು, ವಯಸ್ಸಾದ ಗಂಡ ಹೆಂಡ್ತಿ ಇಬ್ರೇ ಇರೋ ಮನೆಗಳು ನಮ್ಮ ಹೋಬಳಿ ತುಂಬ ಇವೆ, ಮಕ್ಳು ಬೆಂಗಳೂರಲ್ಲಿ. ಆ ಮಕ್ಳು ದೀಪಾವಳಿಗೆ ಅಪ್ಪ ಅಮ್ಮನಿಗೆ ಫೋನ್ ತಂದುಕೊಡೋವಾಗ ಕ್ಯಾಮೆರಾ ನೋಡಿ ತರ್ತಾರೆ, ಇದೊಂದನ್ನ ನೋಡಲ್ಲ. ಫೋನಲ್ಲಿ ಇದ್ರೂ ಕೆಲವು ಮಾಡೆಲ್‌ಗೆ ಕೆಲವು ಸಿಮ್ಮಲ್ಲಿ ಆನ್ ಆಗಲ್ಲ, ಅದೂ ಡಬ್ಬಿ ಮೇಲೆ ಇರ್ಬೇಕಾದ ಮಾತು.

5ಜಿ ಬ್ಯಾಂಡ್, ಅಂದ್ರೆ ಫೋನ್ ಹಿಡಿಯೋ ಸಿಗ್ನಲ್ಲಿನ ತರಂಗದ ಪಟ್ಟಿ, ಅದ್ರ ವಿಷ್ಯನೂ ಹಾಗೇ. 2020, 21ರಲ್ಲಿ 5ಜಿ ಅಂತ ಮಾರಿದ ಕೆಲವು ಫೋನಲ್ಲಿ ಎನ್78 ಬ್ಯಾಂಡ್ ಒಂದೇ ಇತ್ತು. 2022ರ ತರಂಗಾಂತರ ಹರಾಜಲ್ಲಿ ಜಿಯೋ ದೇಶಪೂರ್ತಿ 700 ಮೆಗಾಹರ್ಟ್ಸ್ ತಗೊಳ್ತು, ಆ ಬ್ಯಾಂಡಿನ ಹೆಸ್ರು ಎನ್28, ಅಲೆ ಉದ್ದ ಇರೋದ್ರಿಂದ ದೂರ ಹೋಗುತ್ತೆ, ಗೋಡೆ ಮರ ದಾಟಿ ಬರುತ್ತೆ, ಮಲೆನಾಡಿಗೆ ಹೇಳಿ ಮಾಡ್ಸಿದ್ದು. ಆ ಫೋನ್ ತಗೊಂಡೋರಿಗೆ ಅದು ಸಿಗಲೇ ಇಲ್ಲ. ಎನ್28 ಇಲ್ದೇ ಇರೋ ಫೋನನ್ನ ಹಳ್ಳಿಯೋರಿಗೆ 5ಜಿ ಅಂತ ಮಾರೋದು ಅನ್ಯಾಯ.

ಎನ್‌ಎಫ್‌ಸಿ ಅಂದ್ರೆ ಫೋನ್ ತಾಗ್ಸಿ ದುಡ್ಡು ಕೊಡೋ ಸೌಲಭ್ಯ, ಅದು ಇದ್ರೆ ಇರ್ಲಿ, ನಮ್ಮಲ್ಲಿ ಸ್ಕ್ಯಾನ್ ಮಾಡಿ ದುಡ್ಡು ಕೊಡೋದೇ ಎಲ್ಲಾ ಕಡೆ. ಎಫ್‌ಎಂ ರೇಡಿಯೋ ಮಾತ್ರ ಬಿಡ್ಬೇಡಿ. 2023ರಲ್ಲಿ ಕೇಂದ್ರದ ಐಟಿ ಸಚಿವಾಲಯನೇ ಎಫ್‌ಎಂ ಬಂದ್ ಮಾಡ್ಬೇಡಿ, ವಿಪತ್ತಿನ ಹೊತ್ತಲ್ಲಿ ಬೇಕಾಗುತ್ತೆ ಅಂತ ಫೋನ್ ಕಂಪನಿಗಳಿಗೆ ಸೂಚನೆ ಕೊಡ್ತು. ಕರೆಂಟ್ ಹೋಗಿ ಟವರ್ ಬ್ಯಾಟರಿನೂ ಸತ್ತಾಗ ಇಂಟರ್ನೆಟ್ ಇಲ್ಲ, ಭದ್ರಾವತಿ ಆಕಾಶವಾಣಿ ಬರ್ತಾ ಇರುತ್ತೆ, ನದಿ ನೀರು ಎಲ್ಲಿಗೆ ಬಂತು, ನಾಳೆ ಶಾಲೆಗೆ ರಜೆನಾ ಅನ್ನೋದೆಲ್ಲ ಅದ್ರಲ್ಲೇ ಗೊತ್ತಾಗೋದು. ಅದಕ್ಕೆ ಇಯರ್‌ಫೋನ್ ವೈರೇ ಆಂಟೆನಾ, ಆ ಜಾಕನ್ನೂ ಈಗ ತೆಗೀತಾ ಬಂದಿದಾರೆ.

ಕೊನೇದಾಗಿ ನಿಮ್ಮಲ್ಲೇ ಒಂದು ಕೋರಿಕೆ. ನಿಮ್ಮ ಪತ್ರಿಕೇಲಿ ಹೊಸ ಫೋನ್ ವಿಮರ್ಶೆ ಬರುತ್ತಲ್ಲ, ಕಂಪನಿಯೋರು ಡಬ್ಬಿ ಜೊತೆ ಕಳ್ಸಿದ ಚಾರ್ಜರಲ್ಲಿ ಎಷ್ಟು ನಿಮಿಷಕ್ಕೆ ತುಂಬ್ತು ಅಂತ ಬರೀತೀರಿ. ಅದ್ರ ಪಕ್ಕದಲ್ಲೇ ಪೇಟೇಲಿ ಸಿಗೋ ಮಾಮೂಲಿ ಪಿಡಿ ಚಾರ್ಜರ್ ಹಾಕಿ ಅರ್ಧ ಗಂಟೇಲಿ ಎಷ್ಟು ಪರ್ಸೆಂಟ್ ಆಯ್ತು, ಯಾವ ಸಿಮ್ಮಲ್ಲಿ ವೈಫೈ ಕಾಲಿಂಗ್ ಆನ್ ಆಯ್ತು, ಎನ್28 ಇದೆಯಾ ಅನ್ನೋದನ್ನೂ ಪ್ರತಿ ಸಲ ಹಾಕಿ. ನಾನು ಅದನ್ನ ಕತ್ತರಿಸಿ ಅಂಗಡಿ ಗಾಜಿಗೆ ಅಂಟಿಸ್ತೀನಿ, ಫೋನ್ ತಗೊಳೋಕೆ ಬಂದೋರು ಓದ್ಕೊಂಡು ತಗೊಳ್ಲಿ.

ಇಂತಿ,
ಮೊಬೈಲ್ ರಿಪೇರಿ ಅಂಗಡಿಯವ,
ತೀರ್ಥಹಳ್ಳಿ ತಾಲ್ಲೂಕು