ಭಾನುವಾರದ ಓದಿಗೆ: ಎರಲ್ ಜಾನ್ ನಾಟಕ

ಎಲ್ಲರಿಗೂ ನಮಸ್ಕಾರ. ಈ ಭಾನುವಾರ ಸಂಜೆ 5ಕ್ಕೆ ಎರಲ್ ಜಾನ್ ಅವರ ‘ಮೂನ್ ಆನ್ ಎ ರೇನ್‌ಬೋ ಶಾಲ್’ ಓದೋಣ. ಅದಕ್ಕೂ ಮೊದಲು ಇವರ ಬಗ್ಗೆ ಒಂದೆರಡು ಮಾತು.

ಇವರು ಟ್ರಿನಿಡಾಡ್‌ನವರು. ಅಪ್ಪ ಜಾರ್ಜ್ ಜಾನ್ ವೆಸ್ಟ್ ಇಂಡೀಸ್‌ನ ಹೆಸರಾಂತ ವೇಗದ ಬೌಲರ್. ಮಗ ಹಿಡಿದದ್ದು ರಂಗಭೂಮಿ. 1950ರ ಆಸುಪಾಸಿನಲ್ಲಿ ಲಂಡನ್‌ಗೆ ಹೋದರು. ಅಲ್ಲಿ ಕಪ್ಪು ಜನಾಂಗದ ನಟರಿಗೆ ಒಳ್ಳೆಯ ಪಾತ್ರಗಳು ಸಿಗುವುದೇ ಕಷ್ಟ. ನಟಿಸುತ್ತಲೇ ಬರೆಯಲು ಕೂತರು. 1957ರಲ್ಲಿ ‘ಅಬ್ಸರ್ವರ್’ ಪತ್ರಿಕೆಯ ನಾಟಕ ಸ್ಪರ್ಧೆಯಲ್ಲಿ ಈ ನಾಟಕಕ್ಕೆ ಮೊದಲ ಬಹುಮಾನ ಬಂತು. ಮರುವರ್ಷ ರಾಯಲ್ ಕೋರ್ಟ್ ರಂಗಮಂದಿರದಲ್ಲಿ ಪ್ರದರ್ಶನವಾಯಿತು.

ಕಥೆ ನಡೆಯುವುದು ಟ್ರಿನಿಡಾಡ್‌ನ ರಾಜಧಾನಿ ಪೋರ್ಟ್ ಆಫ್ ಸ್ಪೇನ್‌ನ ಒಂದು ವಠಾರದಲ್ಲಿ. ಹೌದು, ನಮ್ಮ ವಠಾರದ ಹಾಗೆಯೇ. ಒಂದೇ ಅಂಗಳ, ಎಲ್ಲರ ಗುಟ್ಟೂ ಎಲ್ಲರಿಗೂ ಗೊತ್ತು. ಟ್ರಾಲಿಬಸ್ ಓಡಿಸುವ ಎಫ್ರೇಮ್‌ಗೆ ಇಂಗ್ಲೆಂಡಿಗೆ ಹೋಗುವ ಹಂಬಲ. ಪಕ್ಕದಲ್ಲೇ ಚಾರ್ಲಿ ಇದ್ದಾನೆ, ಆಟ ಕೈತಪ್ಪಿದ ಕ್ರಿಕೆಟಿಗ. ಬೌಲರ್ ಮಗ ಬರೆದ ಪಾತ್ರ ಅಲ್ವಾ, ನನಗೆ ಇವನೇ ಜಾಸ್ತಿ ಕಾಡುತ್ತಾನೆ.

1960ರ ದಶಕದ ಮೊದಲಲ್ಲಿ ಜಾನ್ ಲಂಡನ್‌ನ ಓಲ್ಡ್ ವಿಕ್ ರಂಗಮಂದಿರದಲ್ಲಿ ಶೇಕ್ಸ್‌ಪಿಯರ್‌ನ ಒಥೆಲೋ ಆದರು. ಆದರೂ ಅವರ ಪ್ರತಿಭೆಗೆ ತಕ್ಕಷ್ಟು ಅವಕಾಶ ಸಿಗಲಿಲ್ಲ. ಇದು ನನಗೆ ನಿಜಕ್ಕೂ ಸಂಕಟದ ವಿಷಯ. 1988ರಲ್ಲಿ ತೀರಿಕೊಂಡರು. 2012ರಲ್ಲಿ ಲಂಡನ್‌ನ ನ್ಯಾಷನಲ್ ಥಿಯೇಟರ್ ಇದೇ ನಾಟಕವನ್ನು ಮತ್ತೆ ಆಡಿತು.

ಎಫ್ರೇಮ್, ಚಾರ್ಲಿ, ಚಾರ್ಲಿಯ ಹೆಂಡತಿ ಸೋಫಿಯಾ ಪಾತ್ರಗಳನ್ನು ಯಾರು ಓದುತ್ತೀರಿ? ಶುಕ್ರವಾರದೊಳಗೆ ಇಲ್ಲೇ ಹೆಸರು ಹಾಕಿ. ಸುಮ್ನೆ ಕೇಳಲು ಬರುವವರಿಗೂ ಸ್ವಾಗತ.