ಯುಗಾದಿಯಿಂದ ಮರದ ದರ ಬೇರೆ, ಲಾರಿ ಬಾಡಿಗೆ ಬೇರೆ: ನಮ್ಮ ಗ್ರಾಹಕರಿಗೆ ಪತ್ರ

ಪ್ರಿಯ ಗ್ರಾಹಕರೇ,

ನಮಸ್ಕಾರ. ಬರುವ ಯುಗಾದಿಯಿಂದ ಮರ ಬೆಳೆಯುವ ರೈತರ ನಮ್ಮ ಸಂಘದಲ್ಲಿ ಸೆಂಟ್ರಿಂಗ್ ಗಳ (ಕಾಂಕ್ರೀಟ್ ಹಾಕುವಾಗ ಆಸರೆಗೆ ನಿಲ್ಲಿಸುವ ಮರದ ಕಂಬ), ಟೊಮ್ಯಾಟೊ ಕೋಲು, ಸೌದೆ ಯಾವುದಕ್ಕೂ ‘ಎಲ್ಲಿಗಾದರೂ ಒಂದೇ ದರ’ ಇರುವುದಿಲ್ಲ. ಮರದ ದರ ಎಲ್ಲರಿಗೂ ಒಂದೇ. ಲಾರಿ ಬಾಡಿಗೆ ಮಾತ್ರ ತೋಪಿನಿಂದ ನಿಮ್ಮ ಜಾಗಕ್ಕೆ ಎಷ್ಟು ದೂರವೋ ಅದರ ಮೇಲೆ. ಮರ ಯಾವ ತಾಲ್ಲೂಕಿನ ಯಾವ ಊರಿನ ತೋಪಿನಿಂದ ಬಂತು ಅಂತ ಬಿಲ್‌ನಲ್ಲೇ ಬರೆದಿರುತ್ತದೆ. ಇದಕ್ಕೋಸ್ಕರ ಕೋಲಾರ, ಚಿಕ್ಕಬಳ್ಳಾಪುರ ಎರಡೂ ಜಿಲ್ಲೆಯಲ್ಲಿ ಕಡಿಯಲು ಬರುವ ನೀಲಗಿರಿ ಮರ ಎಲ್ಲೆಲ್ಲಿದೆ ಅಂತ ನಕ್ಷೆ ಮಾಡಿದ್ದೇವೆ.

ಮಾಲೂರು ಕಡೆಯ ಇಟ್ಟಿಗೆ ಗೂಡಿನವರಿಗೆ, ಹೊಸಕೋಟೆ ಕಡೆಯ ಕಟ್ಟಡದವರಿಗೆ ಇದರಿಂದ ಖರ್ಚು ಜಾಸ್ತಿ ಆಗುತ್ತದೆ. ಅದನ್ನು ಮುಚ್ಚಿಡುವುದಿಲ್ಲ. ಕಷ್ಟಕಾಲದಲ್ಲೂ ನಮ್ಮನ್ನು ಬಿಟ್ಟು ಹೋಗದವರು ನೀವು. ನಿಮಗೆ ಹೊರೆಯಾಗುತ್ತಿರುವುದಕ್ಕೆ ಕ್ಷಮೆ ಕೇಳುತ್ತೇವೆ. ಆದರೆ ಈ ಪತ್ರ ಪೂರ್ತಿ ಓದಿ ಆಮೇಲೆ ತೀರ್ಮಾನ ಮಾಡಿ.

ಈಚೆಗೆ ಕಚೇರಿಗೆ ಬಂದವರೆಲ್ಲ ಕೇಳುವುದು ಒಂದೇ ಪ್ರಶ್ನೆ. “ಕೋಲಾರದಿಂದ ಶ್ರೀನಿವಾಸಪುರಕ್ಕೆ ಬಸ್ಸಲ್ಲಿ ಹೋದರೆ ದಾರಿ ಉದ್ದಕ್ಕೂ ಮರ ಕಾಣುತ್ತೆ. ನೀವು ನೋಡಿದರೆ ಹತ್ತಿರ ಮರ ಇಲ್ಲ, ದೂರದಿಂದ ತರಬೇಕು ಅಂತೀರಿ. ಸುಮ್ನೆ ದರ ಏರಿಸೋಕೆ ನೆಪ ಅಲ್ವಾ?”

ಅಲ್ಲ. ಆ ದಾರಿಯಲ್ಲಿ ಕಾಣುವ ಹಸಿರಲ್ಲಿ ಬಹುಪಾಲು ಮಾವು. ಶ್ರೀನಿವಾಸಪುರ ಅಂದರೆ ಮಾವು ಅಂತ ನಿಮಗೇ ಗೊತ್ತು. ಇನ್ನೊಂದಿಷ್ಟು ಅರಣ್ಯ ಇಲಾಖೆಯ ನೆಡುತೋಪು, ಅದಕ್ಕೆ ನಾವು ಕೈ ಹಾಕುವ ಹಾಗಿಲ್ಲ. ಉಳಿದದ್ದು ರೈತರ ನೀಲಗಿರಿ. ಅದರಲ್ಲೂ ಹೋದ ವರ್ಷ ಕಡಿದ ತೋಪು ಬಸ್ಸಿನಿಂದ ನೋಡಿದರೆ ಪೊದೆ ಪೊದೆಯಾಗಿ ಹಸಿರಾಗೇ ಇರುತ್ತದೆ. ಇಳಿದು ಹೋಗಿ ನೋಡಿ, ಒಂದೊಂದು ಬುಡದಲ್ಲಿ ಹೆಬ್ಬೆರಳು ದಪ್ಪದ ಚಿಗುರು ಏಳೆಂಟು ಇರುತ್ತವೆ. ಅದು ಗಳ ಆಗೋಕೆ ಇನ್ನೂ ನಾಲ್ಕೈದು ವರ್ಷ ಬೇಕು. ಕೆಲವು ತೋಪು ಅಣ್ಣತಮ್ಮಂದಿರ ವ್ಯಾಜ್ಯದಲ್ಲಿದೆ, ಪೋಡಿ (ಸರ್ವೇ ನಂಬರ್ ಪಾಲು ಮಾಡುವುದು) ಆಗಿಲ್ಲ, ಸಹಿ ಹಾಕುವವರು ಯಾರು ಅಂತಲೇ ತೀರ್ಮಾನ ಆಗಿಲ್ಲ. ಮರ ಇದೆ ಅನ್ನುವುದು ಬೇರೆ. ಈ ವರ್ಷ ಕಡಿದು ನಿಮಗೆ ಕೊಡಬಹುದು ಅನ್ನುವುದು ಬೇರೆ.

ಸರ್ಕಾರದ ಕಾಗದದಲ್ಲಿ ಇದೆಲ್ಲ ಸಿಗುತ್ತದಲ್ಲ ಅಂತ ಕೆಲವರು ಹೇಳಿದರು. ಸಿಗುವುದಿಲ್ಲ. 1976ರ ಮರ ಸಂರಕ್ಷಣಾ ಕಾಯ್ದೆಯಲ್ಲಿ ಸ್ವಂತ ಜಮೀನಿನ ನೀಲಗಿರಿ, ಸರ್ವೆ ಮರ, ಸಿಲ್ವರ್ ಓಕ್ ಕಡಿಯಲು ಅನುಮತಿ ಬೇಡ ಅಂತಿದೆ. ರೈತರಿಗೆ ಅದು ಒಳ್ಳೆಯದೇ. ಆದರೆ ಅನುಮತಿ ಬೇಡ ಅಂದಮೇಲೆ ಯಾರು ಎಲ್ಲಿ ಎಷ್ಟು ಕಡಿದರು ಅಂತ ಒಂದು ಕಡೆ ಬರೆದಿಡುವ ಕಚೇರಿಯೂ ಇಲ್ಲ. ಭಾರತೀಯ ಅರಣ್ಯ ಸರ್ವೇಕ್ಷಣೆಯವರ ವರದಿ ಇದೆ. ಅದರಲ್ಲಿ ಒಂದು ಹೆಕ್ಟೇರ್, ಅಂದರೆ ಸುಮಾರು ಎರಡೂವರೆ ಎಕರೆ ಜಾಗದಲ್ಲಿ ನೂರಕ್ಕೆ ಹತ್ತು ಪಾಲು ಮರದ ನೆರಳಿದ್ದರೆ ಅದು ಅರಣ್ಯ ಹೊದಿಕೆಯ ಲೆಕ್ಕ. ಮಾವಿನ ತೋಟ, ನೀಲಗಿರಿ ತೋಪು, ಗುಡ್ಡದ ಕಾಡು ಎಲ್ಲವೂ ಒಂದೇ ಹಸಿರು. ದೇಶದ ಲೆಕ್ಕಕ್ಕೆ ಅದು ಸರಿ. ಟೊಮ್ಯಾಟೊಗೆ ಕೋಲು ಹುಡುಕುವವರಿಗೆ ಅದರಿಂದ ಪ್ರಯೋಜನ ಇಲ್ಲ.

ಹಾಗಾಗಿ ನಾವೇ ಮಾಡಿದೆವು. ಯುರೋಪಿನವರ ಸೆಂಟಿನೆಲ್-2 ಉಪಗ್ರಹದ ಚಿತ್ರ ಯಾರಿಗೆ ಬೇಕಾದರೂ ಉಚಿತವಾಗಿ ಸಿಗುತ್ತದೆ. ಅದರ ಒಂದೊಂದು ಚೌಕ 10 ಮೀಟರ್ ಉದ್ದ, 10 ಮೀಟರ್ ಅಗಲ. ನಮ್ಮ ಒಂದು ಗುಂಟೆ 33 ಅಡಿಗೆ 33 ಅಡಿ. ಎರಡೂ ಹೆಚ್ಚುಕಡಿಮೆ ಒಂದೇ ಅಳತೆ. ಪರದೆಯ ಮೇಲೆ ಚೌಕ ಎಣಿಸಿದರೆ ಗುಂಟೆ ಎಣಿಸಿದ ಹಾಗೆ. ಮಳೆಗಾಲದ ಚಿತ್ರದಲ್ಲಿ ಮೋಡ ಜಾಸ್ತಿ, ರಾಗಿಯೂ ಹಸಿರಾಗಿರುತ್ತದೆ. ರಾಗಿ ಕೊಯ್ಲು ಮುಗಿದು ಗುಡ್ಡದ ಮರಗಳೂ ಎಲೆ ಉದುರಿಸಿದ ಮೇಲೆ, ಫೆಬ್ರವರಿ ಮಾರ್ಚ್‌ನಲ್ಲಿ ನೋಡಿದರೆ ನೀರಾವರಿ ಜಮೀನು ಬಿಟ್ಟು ಹಸಿರು ಉಳಿಯುವುದು ಮುಖ್ಯವಾಗಿ ಮಾವು, ನೀಲಗಿರಿ.

ಇವೆರಡನ್ನು ಬಿಡಿಸುವುದೇ ಕಷ್ಟದ ಕೆಲಸವಾಗಿತ್ತು. ದಾರಿ ಹೊಳೆದದ್ದು ಹಳೆಯ ಚಿತ್ರಗಳಿಂದ. ಈ ಉಪಗ್ರಹ ಹಾರಿದ್ದು 2015ರಲ್ಲಿ. ಅಲ್ಲಿಂದ ಈಚೆಗಿನ ಬೇಸಿಗೆಗಳನ್ನು ಒಂದರ ಪಕ್ಕ ಒಂದು ಇಟ್ಟೆವು. ಮಾವಿನ ತೋಟ ಪ್ರತಿ ವರ್ಷ ಹಸಿರು. ನೀಲಗಿರಿ ಹಾಗಲ್ಲ. ಯಾವುದೋ ಒಂದು ಬೇಸಿಗೆಯಲ್ಲಿ ಇದ್ದಕ್ಕಿದ್ದ ಹಾಗೆ ಕೆಂಪು ಮಣ್ಣು ಕಾಣುತ್ತದೆ, ಒಂದೆರಡು ವರ್ಷದಲ್ಲಿ ಮತ್ತೆ ಹಸಿರಾಗುತ್ತದೆ. ಆ ಕೆಂಪು ಕಂಡ ವರ್ಷವೇ ಕಟಾವಿನ ವರ್ಷ. ಅಲ್ಲಿಂದ ಲೆಕ್ಕ ಹಾಕಿದರೆ ಚಿಗುರಿನ ವಯಸ್ಸು ಗೊತ್ತಾಗುತ್ತದೆ. ಇದನ್ನು ಕಂಡುಕೊಂಡದ್ದು ನಮ್ಮ ಸದಸ್ಯರ ಮಕ್ಕಳೇ. ಹೇಳಿಕೊಳ್ಳಲು ನಮಗೆ ಹೆಮ್ಮೆ.

ಪರದೆ ನೋಡಿ ಸುಮ್ಮನೆ ಕೂರಲಿಲ್ಲ. ಪಹಣಿ ಹಿಡಿದು ಒಂದೊಂದು ತೋಪಿಗೂ ನಡೆದು ಹೋದೆವು, ಎದೆ ಮಟ್ಟದಲ್ಲಿ ಟೇಪು ಸುತ್ತಿ ಸುತ್ತಳತೆ ತೆಗೆದೆವು. ಬಂಗಾರಪೇಟೆ ತಾಲ್ಲೂಕಿನ ಸದಸ್ಯರೊಬ್ಬರ ಸರ್ವೇ ನಂಬರಿನಲ್ಲಿ ಪಹಣಿ ಪ್ರಕಾರ ಮೂರೂವರೆ ಎಕರೆ ನೀಲಗಿರಿ. ಹೋಗಿ ನೋಡಿದರೆ ಒಂದೂವರೆ ಎಕರೆಯಲ್ಲಿ ಜೆಸಿಬಿ ಬಿಟ್ಟು ಬುಡ ಕಿತ್ತು, ಡ್ರಿಪ್ ಎಳೆದು ಟೊಮ್ಯಾಟೊ ಹಾಕಿದ್ದಾರೆ. ಕಿತ್ತ ಬೊಡ್ಡೆಗಳನ್ನು ಬದುವಿನ ಮೇಲೆ ರಾಶಿ ಹಾಕಿದ್ದರು, ಬೇರಿಗೆ ಇನ್ನೂ ಹಸಿ ಮಣ್ಣು ಅಂಟಿತ್ತು. ಉಳಿದ ಎರಡು ಎಕರೆಯಲ್ಲಿ ಸಾಲು ಸಾಲಾಗಿ ಬುಡ ಸತ್ತಿದೆ. ಲಾರಿ ತುಂಬುವಷ್ಟು ಮರ ಸಿಕ್ಕಿದ್ದು ಒಂದು ಮೂಲೆಯಲ್ಲಿ ಮಾತ್ರ. ಅದೇ ಸದಸ್ಯರ ಟೊಮ್ಯಾಟೊಗೆ ಈಗ ಕೋಲು ಬೇಕು, ನಮ್ಮ ಹತ್ತಿರವೇ ಬಂದಿದ್ದಾರೆ.

ಇಂಥದ್ದು ಎಲ್ಲ ಕಡೆ ಆಗುತ್ತಿದೆ. ಅಂತರ್ಜಲ ಇಳಿಯುತ್ತದೆ ಅಂತ 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ, ಅಕೇಶಿಯಾ ನೆಡುವುದನ್ನು ನಿಷೇಧಿಸಿತು. ನಾವು ಅದರ ವಿರುದ್ಧ ಮಾತಾಡುವವರಲ್ಲ. ನಮ್ಮ ಸದಸ್ಯರ ಬೋರ್‌ವೆಲ್‌ಗಳೂ ಒಣಗಿವೆ, ಅವರ ಮನೆಯವರೂ ಟ್ಯಾಂಕರ್ ನೀರು ಕುಡಿದಿದ್ದಾರೆ. ಆದರೆ ಹೊಸ ಸಸಿ ಇಲ್ಲ ಅಂದಮೇಲೆ ಹಳೇ ಬುಡದ ಚಿಗುರೇ ಗತಿ. ಪ್ರತಿ ಕಟಾವಿಗೂ ಒಂದಷ್ಟು ಬುಡ ಸಾಯುತ್ತದೆ. ಇನ್ನು ಮಾಲೂರು, ನರಸಾಪುರ, ವೇಮಗಲ್ ಕಡೆ ಜಮೀನು ಕಾರ್ಖಾನೆಗೆ, ಲೇಔಟ್‌ಗೆ ಹೋಗಿದೆ. ಚೆನ್ನೈ ಎಕ್ಸ್‌ಪ್ರೆಸ್‌ವೇ ಒಂದಿಷ್ಟು ತೆಗೆದುಕೊಂಡಿತು. ನಮ್ಮ ನಕ್ಷೆಯಲ್ಲಿ ಕಡಿಯಲು ಬಂದಿರುವ ತೋಪು ದಟ್ಟವಾಗಿ ಕಾಣುವುದು ಈಗ ಚಿಂತಾಮಣಿ, ಮುಳಬಾಗಿಲು, ಬಾಗೇಪಲ್ಲಿ ಕಡೆಗೆ.

ಲಾರಿ ವಿಷಯದಲ್ಲಿ ನಮ್ಮ ಮೇಲೆ ಬಂದಿರುವ ಮಾತು ನಿಜಕ್ಕೂ ನೋವು ತಂದಿದೆ. ‘ಸಂಘದವರು ಬಾಡಿಗೆಯಲ್ಲಿ ದುಡ್ಡು ಮಾಡುತ್ತಾರೆ’ ಅಂತ. ಬಾಗೇಪಲ್ಲಿಯಿಂದ ಮಾಲೂರಿಗೆ ಲೋಡ್ ತಂದ ಲಾರಿ ಖಾಲಿ ವಾಪಸ್ ಹೋಗುತ್ತದೆ. ಆ ಖಾಲಿ ದಾರಿಯ ಡೀಸೆಲ್ ಯಾರು ಕೊಡುತ್ತಾರೆ? ಇಷ್ಟು ದಿನ ಕೊಟ್ಟಿದ್ದು ಸಂಘ. ಅಂದರೆ ತೋಪಿನ ಪಕ್ಕದಲ್ಲೇ ಇರುವ ಚಿಂತಾಮಣಿಯ ರೈತ ತನ್ನ ಕೋಲಿನ ದರದಲ್ಲಿ ಮಾಲೂರಿನ ಲಾರಿಗೂ ದುಡ್ಡು ಕಟ್ಟುತ್ತಿದ್ದ. ತೊಗಟೆ ಸುಲಿಯುವ ಕೂಲಿ, ಹಮಾಲಿ, ಡ್ರೈವರ್ ಬಾಟಾ, ಟೈರು ಯಾವುದೂ ಇಳಿದಿಲ್ಲ. ಹಸಿ ಮರ ಒಣಗುವಾಗ ತೂಕ ಇಳಿಯುತ್ತದೆ, ಆ ನಷ್ಟವನ್ನೂ ನಮ್ಮ ಯಾರ್ಡೇ ಹೊತ್ತಿದೆ. ಯಾರಿಗೆ ಅನುಮಾನ ಇದ್ದರೂ ಲಾರಿ ಪುಸ್ತಕ ಕಚೇರಿಯಲ್ಲಿದೆ, ಬಂದು ಪುಟ ತಿರುವಿ ನೋಡಬಹುದು.

ನಕ್ಷೆಯ ಖರ್ಚನ್ನು ನಿಮ್ಮ ಬಿಲ್‌ಗೆ ಹಾಕಿಲ್ಲ. ಅದನ್ನು ಸದಸ್ಯರು ತಮ್ಮ ಪಾಲಿನ ಹಣದಲ್ಲಿ ಕೊಟ್ಟಿದ್ದಾರೆ. ನಕ್ಷೆ ಕಚೇರಿ ಗೋಡೆಯ ಮೇಲಿದೆ. ರೈತರ ಹೆಸರು, ಸರ್ವೇ ನಂಬರ್ ಮಾತ್ರ ಅದರಲ್ಲಿ ಇಲ್ಲ. ಕೈಯಲ್ಲಿ ಕಾಸಿಲ್ಲದ ರೈತನ ಮನೆಗೆ ದಲ್ಲಾಳಿ ಹೋಗಿ ಎಳೇ ಮರ ಕಡಿಸುವುದು ನಮಗೆ ಬೇಡ.

ಶಿಡ್ಲಘಟ್ಟದಲ್ಲಿ ರೇಷ್ಮೆ ನೂಲು ತೆಗೆಯುವ ರೀಲರ್‌ಗಳು ಗಾಬರಿ ಆಗಬೇಡಿ. ಹತ್ತಿರದ ಚಿಂತಾಮಣಿ ತೋಪುಗಳ ಸೌದೆಯನ್ನು ಮೊದಲು ನಿಮಗೇ ಎತ್ತಿಟ್ಟಿದ್ದೇವೆ. ಟೊಮ್ಯಾಟೊ ಬೆಳೆಗಾರರು ನರ್ಸರಿಯಲ್ಲಿ ಸಸಿ ಬುಕ್ ಮಾಡಿದ ದಿನವೇ ನಮಗೂ ಒಂದು ಫೋನ್ ಮಾಡಿ. ನಾಟಿ ಆಗಿ ಮೂರ್ನಾಲ್ಕು ವಾರಕ್ಕೆ ಕೋಲು ಬೇಕಾಗುತ್ತದೆ, ಅಷ್ಟರಲ್ಲಿ ನಿಮ್ಮ ಊರಿಗೆ ಹತ್ತಿರದ ತೋಪು ನೋಡಿ ಕಡಿಸಿ ಇಡುತ್ತೇವೆ. ಮಾಲೂರಿನವರು ಇಬ್ಬರು ಮೂವರು ಸೇರಿ ಒಂದೇ ಲೋಡ್ ತರಿಸಿಕೊಂಡರೆ ಬಾಡಿಗೆ ಹಂಚಿಹೋಗುತ್ತದೆ. ಯಾರು ಯಾರಿಗೆ ಹತ್ತಿರ ಅಂತ ನಾವೇ ಹೊಂದಿಸಿ ಕೊಡುತ್ತೇವೆ.

ಯುಗಾದಿಗೆ ಮೊದಲು ಮುಂಗಡ ಕೊಟ್ಟವರಿಗೆ ಹಳೇ ದರವೇ, ಲೋಡ್ ಯಾವಾಗ ಬಂದರೂ ಸರಿ. ಸ್ವಂತ ಟ್ರ್ಯಾಕ್ಟರ್ ಇದ್ದವರು ತೋಪಿಗೇ ಬಂದು ತುಂಬಿಕೊಳ್ಳಬಹುದು, ಬಾಡಿಗೆ ಇರುವುದಿಲ್ಲ. ಬರುವ ಹಿಂದಿನ ದಿನ ಸಂಜೆಯೊಳಗೆ ತಿಳಿಸಿದರೆ ಕಡಿಯುವವರನ್ನು ಅಲ್ಲೇ ನಿಲ್ಲಿಸಿರುತ್ತೇವೆ.

ಇಂತಿ ನಿಮ್ಮ,
ಕಾರ್ಯದರ್ಶಿ
ಸಂಘದ ಎಲ್ಲ ಸದಸ್ಯರ ಪರವಾಗಿ, ಕೋಲಾರ