ಕುಶಾಲನಗರದ ಕಾವೇರಿ ಸೇತುವೆ: ಹಳೇ ಫೋಟೋ ಇದ್ದವರು ಕಳಿಸಿ

ಎಲ್ಲರಿಗೂ ನಮಸ್ಕಾರ. ನಿನ್ನೆ ಗುಂಪಿನಲ್ಲಿ ಕೊಪ್ಪ ಸೇತುವೆ (ನಮ್ಮೂರಿಂದ ಹೊಳೆಯಾಚೆಯ ಕೊಪ್ಪಕ್ಕೆ ದಾಟುವ ಇದೇ ಕಾವೇರಿ ಸೇತುವೆ) ಬಗ್ಗೆ ಬಂದ ಫಾರ್ವರ್ಡ್ ಅನ್ನು ದಯವಿಟ್ಟು ಬೇರೆ ಕಡೆ ಹಂಚಬೇಡಿ. ಅದರಲ್ಲಿ ಊರಿನ ಹಳೇ ಹೆಸರಿನ ವಿಷಯವೇ ತಪ್ಪಾಗಿದೆ!

ಕುಶಾಲನಗರಕ್ಕೆ ಮೊದಲು ಫ್ರೇಸರ್‌ಪೇಟೆ ಅಂತ ಹೆಸರು ಬಂದದ್ದು ಕರ್ನಲ್ ಫ್ರೇಸರ್‌ನಿಂದ. 1834ರಲ್ಲಿ ಬ್ರಿಟಿಷರು ಕೊಡಗಿನ ರಾಜ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಕೊಡಗನ್ನು ತೆಗೆದುಕೊಂಡಾಗ ಈ ಫ್ರೇಸರನೇ ಇಲ್ಲಿ ಪೊಲಿಟಿಕಲ್ ಏಜೆಂಟ್, ಅಂದರೆ ಬ್ರಿಟಿಷ್ ಸರ್ಕಾರದ ಪ್ರತಿನಿಧಿ. ನಮ್ಮ ಅಜ್ಜಿ ಕೊನೆವರೆಗೂ ‘ಪ್ರೇಸರಪೇಟೆ’ ಅಂತಲೇ ಹೇಳುತ್ತಿದ್ದರು.

ನನಗೆ ಜಾಸ್ತಿ ಇಷ್ಟವಾದ ವಿಷಯ ಬೇರೆ. ಈಗ ಸೇತುವೆ ದಾಟಿದರೆ ಮೈಸೂರು ಜಿಲ್ಲೆ, ಅಷ್ಟೇ ಅಲ್ವಾ? ಆದರೆ 1956ರ ನವೆಂಬರ್ 1ರವರೆಗೆ ಕೊಡಗು ಬೇರೆ ರಾಜ್ಯವಾಗಿತ್ತು, ಹಾಗಾಗಿ ಕೊಪ್ಪದ ಸಂತೆಗೆ ಸುಮ್ನೆ ಚೀಲ ಹಿಡಿದು ಹೊಳೆ ದಾಟಿದವರೂ ಒಂದು ರಾಜ್ಯ ಬಿಟ್ಟು ಇನ್ನೊಂದಕ್ಕೆ ಹೋಗಿ ಬಂದ ಹಾಗೆ.

2018, 2019ರ ಮಳೆಗಾಲ ಯಾರೂ ಮರೆತಿಲ್ಲ, ಬಡಾವಣೆಗಳಿಗೇ ಕಾವೇರಿ ನುಗ್ಗಿತ್ತು. ಆಗಿನ ಫೋಟೋ ಬೇಕಾದಷ್ಟಿವೆ, ಅವು ಬೇಡ. 1956ಕ್ಕಿಂತ ಹಿಂದಿನ ಸೇತುವೆಯ ಫೋಟೋ ಮನೆ ಆಲ್ಬಮ್‌ನಲ್ಲಿದ್ದರೆ ಭಾನುವಾರದೊಳಗೆ ಇಲ್ಲೇ ಹಾಕಿ. ಹಿಂಬದಿಯಲ್ಲಿ ಏನಾದರೂ ಬರೆದಿದ್ದರೆ ಅದರದ್ದೂ ಒಂದು ಫೋಟೋ ತೆಗೆಯಿರಿ.